ಚಿಮಣಿ ಇಲ್ಲದ ಜೆರ್ಸಿ

ಹೊಸ ಪಾಲಿಯೆಸ್ಟರ್ ಅಂಗಿಯನ್ನು ಪ್ಲಾಸ್ಟಿಕ್ ಕವರಿನಿಂದ ಹೊರಗೆಳೆದಾಗ ಬರುವ ವಾಸನೆ ನಿಮಗೂ ಗೊತ್ತಿರುತ್ತದೆ. ಮೊನ್ನೆ ಶಿವಮೊಗ್ಗದ ಆಲ್ಕೊಳದ ನಮ್ಮ ಮನೆಯಲ್ಲಿ ಆ ವಾಸನೆ ಹರಡಿತು. ಮಗಳು ಯಾವುದೋ ವಿದೇಶಿ ಫುಟ್‌ಬಾಲ್ ಕ್ಲಬ್ಬಿನ ಜೆರ್ಸಿ ತರಿಸಿದ್ದಳು. ಎದೆಯ ಮೇಲಿನ ಲಾಂಛನ ನೋಡಿ ಮುಖ ಸಿಂಡರಿಸಿದಳು. "ಬ್ಯಾಡ್ಜ್ ಚೇಂಜ್ ಮಾಡಿದಾರಪ್ಪ. ಇದರ ಹಿಂದೆ ಏನೋ ಇದೆ."

ಕ್ಲಬ್ಬು ಸಾವಿರಾರು ಮೈಲಿ ದೂರದ್ದು, ಅನುಮಾನ ಮಾತ್ರ ನಮ್ಮ ಮನೆತನದ್ದು. ನನಗೆ ಭದ್ರಾವತಿಯ ಜನ್ನಾಪುರದ ಚಿಕ್ಕಪ್ಪ ನೆನಪಾದರು.

ಚಿಕ್ಕಪ್ಪ ಮಲ್ಲಣ್ಣ ಅಲ್ಲಿನ ಒಂದು ಸಣ್ಣ ಫೌಂಡ್ರಿಯಲ್ಲಿ ಎರಕ ಹೊಯ್ಯುತ್ತಿದ್ದರು. ಭಾನುವಾರ ಫೌಂಡ್ರಿಯ ಫುಟ್‌ಬಾಲ್ ತಂಡಕ್ಕಾಗಿ ಗಂಟಲು ಹರಿದುಕೊಳ್ಳುವುದು ಅವರ ಎರಡನೆಯ ಕೆಲಸ. ಚಿಕ್ಕಮ್ಮನನ್ನು ಕೇಳಿದರೆ ಅದೇ ಮೊದಲನೆಯದು. ತೊಂಬತ್ತರ ದಶಕದ ಕೊನೆ ಅದು. ನಾನು ಎಂ.ಎ. ಓದುತ್ತಾ, ನೆನಪನ್ನು ಸಾಕ್ಷಿಯಾಗಿ ನಂಬಬಾರದು ಎಂದು ಯಾರೂ ಕೇಳದಿದ್ದರೂ ಹೇಳಿಕೊಂಡು ತಿರುಗುತ್ತಿದ್ದೆ. ತಂಡದ ಜೆರ್ಸಿ ಕೆಂಪು ಎಂದು ನನ್ನ ನೆನಪು. ಕಂದು ಎನ್ನುತ್ತಾರೆ ಚಿಕ್ಕಮ್ಮ. ಎದೆಯ ಮೇಲೆ ಹೊಗೆಯಾಡುವ ಫೌಂಡ್ರಿಯ ಚಿಮಣಿ ಇತ್ತೆಂಬುದರಲ್ಲಿ ಮಾತ್ರ ಇಬ್ಬರಿಗೂ ತಕರಾರಿಲ್ಲ.

ಆ ವರ್ಷ ಫೌಂಡ್ರಿಯಲ್ಲಿ ಒಂದು ನೋಟೀಸು ಬಿತ್ತು. ತಾವಾಗಿ ಕೆಲಸ ಬಿಡುವವರು ತಿಂಗಳ ಕೊನೆಯೊಳಗೆ ಬರೆದುಕೊಟ್ಟರೆ ಒಂದು ಇಡಿಗಂಟು ಸಿಗುತ್ತದೆ ಎಂದು. ಕಾರ್ಖಾನೆ ಮುಚ್ಚುತ್ತದೆಯೋ ಇಲ್ಲವೋ ಎಂದು ನೋಟೀಸು ಹೇಳಲಿಲ್ಲ. ಅದೇ ವಾರ ತಂಡ ತಿಳಿನೀಲಿ ಜೆರ್ಸಿಯಲ್ಲಿ ಮೈದಾನಕ್ಕಿಳಿಯಿತು. ಎದೆಯಲ್ಲಿ ಚಿಮಣಿ ಇಲ್ಲ, ರೆಕ್ಕೆ ಬಿಚ್ಚಿದ ಹದ್ದು.

"ಇದೇನ್ ಮಾರಾಯ, ಇಸ್ಕೂಲ್ ಯೂನಿಫಾರ್ಮ್ ಹಾಕ್ಕೊಂಡ್ ಬಂದಿದಾರೆ!" ಎಂದರು ಚಿಕ್ಕಪ್ಪ.

"ಬಣ್ಣ ಬಿಡಣ್ಣ, ಎದೆ ನೋಡು," ಎಂದ ಅವರೊಡನೆ ಕೆಲಸ ಮಾಡುತ್ತಿದ್ದ ಸೆಲ್ವ. "ಹದ್ದು ಯಾವಾಗ ಬರುತ್ತೆ? ಏನಾದ್ರೂ ಸತ್ತಾಗ."

"ಹಳೇದು ಮಾಸಿತ್ತಲ್ಲ ಚಿಕ್ಕಪ್ಪ, ಅದಕ್ಕೆ ಬದಲಾಯಿಸಿರ್ತಾರೆ," ಎಂದು ನಾನು ಬಾಯಿ ಹಾಕಿದೆ.

"ನೀನು ಎಂ.ಎ. ಓದು. ಮಾಸಿದ್ರೆ ಬಟ್ಟೆ ಬದಲಾಯಿಸ್ತಾರೆ. ಚಿಮಣಿ ಯಾಕೆ ತೆಗೀತಾರೆ?"

ಆಟದಲ್ಲಿ ನಮ್ಮವರು ಗೋಲು ಹೊಡೆದಾಗ ಚಿಕ್ಕಪ್ಪ ಅರ್ಧ ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿ, "ಹೊಡೆದದ್ದು ನಮ್ಮೋರೇನಾ?" ಎಂದು ಕೇಳಿದರು.

ತಂಡದ ಸೆಕ್ರೆಟರಿ ಪ್ರಭಾಕರನನ್ನು ಚಿಕ್ಕಪ್ಪ ಹೋಟೆಲಿನಲ್ಲಿ ಹಿಡಿದು ಕೇಳಿದರು. "ಏನೋ ಹೊಸದಾಗಿರ್ಲಿ ಅಂತ," ಎಂದು ಅವನು ಟೀ ಲೋಟದ ಕಡೆ ನೋಡುತ್ತಾ ಹೇಳಿದ. ಚಿಕ್ಕಪ್ಪನಿಗೆ ಅಷ್ಟು ಸಾಕಾಯಿತು.

"ಅಂಗಿ ನೋಡಿ ಯಾರಾದ್ರೂ ಕೆಲಸ ಬಿಡ್ತಾರೇನ್ರೀ?" ಎಂದು ಚಿಕ್ಕಮ್ಮ ಅತ್ತರು.

"ಅಂಗಿ ಅಲ್ಲ ಕಣೇ ಅದು, ಸೂಚನೆ. ಮೊದಲು ಎದೆ ಮೇಲಿಂದ ತೆಗೀತಾರೆ, ಆಮೇಲೆ ನೆಲದ ಮೇಲಿಂದ."

ಚಿಕ್ಕಪ್ಪ ಬರೆದುಕೊಟ್ಟರು. ಹದ್ದಿನ ಮಾತೆತ್ತಿದ ಸೆಲ್ವ ಬರೆದುಕೊಡಲಿಲ್ಲ. ಫೌಂಡ್ರಿ ಮುಚ್ಚಲೂ ಇಲ್ಲ. ಸೆಲ್ವ ರಿಟೈರ್ ಆಗುವವರೆಗೂ ಅದರ ಚಿಮಣಿ ಹೊಗೆ ಬಿಡುತ್ತಲೇ ಇತ್ತು. ಚಿಕ್ಕಪ್ಪ ಜನ್ನಾಪುರದಲ್ಲಿ ಸ್ಟವ್ ರಿಪೇರಿ ಅಂಗಡಿ ಇಟ್ಟರು. ಬೆಳಿಗ್ಗೆ ಫೌಂಡ್ರಿಯ ಸೈರನ್ ಕೂಗಿದಾಗ ಥಟ್ಟನೆ ಎದ್ದು ನಿಂತು, ಮತ್ತೆ ಕೂರುತ್ತಿದ್ದರು. ಇದನ್ನು ನಾನು ಕಣ್ಣಾರೆ ಕಂಡೆನೋ, ಚಿಕ್ಕಮ್ಮ ಹೇಳಿದ್ದು ಕೇಳಿ ಕಂಡಂತೆ ಮಾಡಿಕೊಂಡೆನೋ, ಪ್ರಮಾಣ ಮಾಡಿ ಹೇಳಲಾರೆ.

ಕಳೆದ ವರ್ಷ ಶಿವಮೊಗ್ಗದ ಒಂದು ಮದುವೆಮನೆಯ ಪಂಕ್ತಿಯಲ್ಲಿ ಪ್ರಭಾಕರ ಪಕ್ಕಕ್ಕೆ ಸಿಕ್ಕಿದ. ಚಿಮಣಿ ಯಾಕೆ ತೆಗೆದಿರಿ ಎಂದು ಕೇಳಿದ್ದಕ್ಕೆ ಹೊಟ್ಟೆ ಹಿಡಿದು ನಕ್ಕ.

"ಅಯ್ಯೋ ಸಾರ್, ಒಗೆದು ಒಗೆದು ಹೊಗೆ ಅಳಿಸಿ ಹೋಗಿತ್ತು. ಬರೀ ಚಿಮಣಿ ದೂರದಿಂದ ಬ್ರಾಂದಿ ಬಾಟ್ಲಿ ಥರ ಕಾಣ್ತಿತ್ತು. ಶಿವಮೊಗ್ಗದ ಹುಡುಗ್ರು 'ಬಾಟ್ಲಿ ಟೀಮ್ ಬಂತು' ಅಂತ ಕಿಚಾಯಿಸೋರು. ನಮ್ಮೋರಿಗೆ ಅದನ್ನ ಹೆಂಗೆ ಹೇಳೋದು? ತೆಗೆದುಬಿಟ್ವಿ."

ಒಂದು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಮಗಳ ಜೆರ್ಸಿ ಬಂದ ಮೇಲೆ ತಡೆಯಲಾಗಲಿಲ್ಲ. ನಿನ್ನೆ ಜನ್ನಾಪುರದ ಬಸ್ಸು ಹತ್ತಿ ಹೋಗಿ ಚಿಕ್ಕಪ್ಪನಿಗೆ ಎಲ್ಲವನ್ನೂ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ.

"ಯಾರು ಹೇಳಿದ್ದು?"

"ಪ್ರಭಾಕರ."

"ಅವನು ಇನ್ನೇನು ಹೇಳ್ತಾನೆ." ಅವರು ಮೊಣಕಾಲು ತಿಕ್ಕಿಕೊಂಡರು. ದನಿ ತಗ್ಗಿಸಿ, "ಬಾಟ್ಲಿಗೋಸ್ಕರ ತೆಗೆದಿದ್ರೆ, ನಾನು ಯಾತಕ್ಕೆ ಕೆಲಸ ಬಿಟ್ಟೆ ಹೇಳು?" ಎಂದರು.

ಒಳಗೆ ಪಾತ್ರೆ ತೊಳೆಯುತ್ತಿದ್ದ ಚಿಕ್ಕಮ್ಮನ ಕೈ ನಿಂತಿತು. ಯಾವ ಸಾಕ್ಷಿಯನ್ನೂ ಸುಲಭಕ್ಕೆ ಒಪ್ಪದ ನಾನು, ಪ್ರಭಾಕರನ ಮಾತನ್ನು ಮಾತ್ರ ಪೂರ್ತಿ ನಂಬಿದ್ದೆ; ಈಗಲೂ ನಂಬುತ್ತೇನೆ.

"ಅವನ ಮಾತು ನಂಬೋ ಹಾಗಿಲ್ಲ ಬಿಡಿ ಚಿಕ್ಕಪ್ಪ," ಎಂದೆ.

ಚಿಕ್ಕಪ್ಪನ ಬೆನ್ನು ನೆಟ್ಟಗಾಯಿತು. "ಕೇಳಿಸ್ತೇನೇ?" ಎಂದು ಒಳಗೆ ಕೂಗಿದರು.

ಪಾತ್ರೆಗಳ ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.