ಅತ್ತೆಯ ದನಿಗೊಂದು ಮದರ್‌ಬೋರ್ಡ್

ನಮ್ಮ ಅತ್ತೆಯವರ ದನಿ ಉಳಿದದ್ದು ಒಂದೇ ಕ್ಯಾಸೆಟ್ಟಿನಲ್ಲಿ. ಜೋಳ ಬೀಸುತ್ತ ಹಾಡಿದ ನಾಲ್ಕಾರು ಪದಗಳು, ಹಿಂದೊಮ್ಮೆ ಮಗನೇ ಎದುರು ಕೂತು ರೆಕಾರ್ಡ್ ಮಾಡಿದ್ದು. ಅದನ್ನು ಕಂಪ್ಯೂಟರಿಗೆ ಇಳಿಸಬೇಕೆಂದು ನನ್ನವರು ಹಟ ಹಿಡಿಯುವ ಹೊತ್ತಿಗೆ ಟೇಪು ಅಲ್ಲಲ್ಲಿ ಅಂಟತೊಡಗಿತ್ತು. ಪುಣೆಯ ಧನಕವಡಿಯ ಮನೆಯಲ್ಲಿದ್ದ ನಮ್ಮ ಹಳೆಯ ಡೆಸ್ಕ್‌ಟಾಪೋ, ಒಂದು ಪದ ಮುಗಿಯುವುದರೊಳಗೆ ಹ್ಯಾಂಗ್. ಪೂರಾ ಹೊಸದು ಕೊಳ್ಳುವುದು ನಮ್ಮ ಬಜೆಟ್ಟಿಗೆ ಮೀರಿದ್ದು. ಡಬ್ಬಿ, ಮಾನಿಟರ್ ಅವೇ ಇರಲಿ, ಒಳಗಿನ ಮದರ್‌ಬೋರ್ಡ್, ಪ್ರೊಸೆಸರ್, ಮೆಮರಿ ಮಾತ್ರ ಬದಲಿಸೋಣವೆಂದು ಇಬ್ಬರೂ ಪೇಟೆಗೆ ಹೋದೆವು.

ಇವರು ಭೋಸರಿಯ ಕಾರ್ಖಾನೆಯ ಟೂಲ್‌ರೂಮಿನಲ್ಲಿ ಆಯುಷ್ಯ ಕಳೆದವರು. ಪ್ರೊಸೆಸರ್ ಅಂದರೆ ಅವರಿಗೆ ಎಂಜಿನ್.

“ಎಂಜಿನ್ ದೊಡ್ಡದ ಇರಬೇಕು. ಮೆಮರಿ ಹಳೀದ ಹಾಕೋಣು,” ಎಂದು ಕಿಸೆಯಿಂದ ಹಳೆಯ ಮೆಮರಿ ಪಟ್ಟಿ ತೆಗೆದರು. ಅಂಗಡಿಯವನು ಅದನ್ನು ಹೊಸ ಬೋರ್ಡಿನ ಮೇಲೆ ಹಿಡಿದು ತೋರಿಸಿದ. ಪಟ್ಟಿಯ ಕಚ್ಚು ಒಂದು ಕಡೆ, ಬೋರ್ಡಿನ ಉಬ್ಬು ಇನ್ನೊಂದು ಕಡೆ. “ಕಾಕಾ, ಹೀ ಬಸಣಾರ್ ನಾಹೀ,” ಇದು ಕೂರುವುದಿಲ್ಲ ಎಂದು ಮರಾಠಿಯಲ್ಲಿ ಹೇಳಿ ನಕ್ಕ.

ಇನ್ನು ಮೆಮರಿಯೂ ಹೊಸದೇ ಬೇಕು. ದೊಡ್ಡ ಪ್ರೊಸೆಸರ್ ಕೊಂಡರೆ ಎಲ್ಲಕ್ಕಿಂತ ಸಣ್ಣ ಮೆಮರಿಗೆ ಸಮಾಧಾನಪಡಬೇಕು.

“ರೀ, ಅಡಿಗಿ ಮಾಡಾಕಿ ಎಷ್ಟ ಚುರುಕಿದ್ರೇನು, ಕಟ್ಟಿ ಗೇಣುದ್ದ ಇದ್ರ ರೊಟ್ಟಿ ಎಲ್ಲಿ ಬಡೀಬೇಕು? ನಡುತರದ ಪ್ರೊಸೆಸರ್ ಸಾಕು, ಮೆಮರಿ ಜಾಸ್ತಿ ತೊಗೊಳ್ರಿ.”

“ನಿಮ್ಮ ಕಾನ್ವೆಂಟಿನ್ಯಾಗ ಸಿಸ್ಟರ್‌ಗೋಳು ಇದನ್ನೂ ಕಲಿಸ್ಯಾರೇನು?”

“ಕಾಮನ್ ಸೆನ್ಸ್ ಕಲಿಸ್ಯಾರ್ರಿ.”

ನನ್ನ ಮಾತೇ ನಡೆಯಿತು. ಮನೆಗೆ ಬಂದು ಇವರು ತಮ್ಮದೇ ಸ್ಕ್ರೂಡ್ರೈವರಿನಿಂದ ಎಲ್ಲವನ್ನೂ ಕೂಡಿಸಿದರು. ಮರುದಿನ ಖಂಡೇನವಮಿ. ಕಾರ್ಖಾನೆಯಲ್ಲಿ ವರ್ಷವರ್ಷವೂ ತಮ್ಮ ಲೇಥಿಗೆ ಪೂಜೆ ಮಾಡಿದ ಕೈ, ಸುಮ್ಮನಿರುತ್ತದೆಯೇ? ಪೂಜೆ ಎಂಜಿನ್ನಿಗೇ ಮುಟ್ಟಲಿ ಎಂದು ಡಬ್ಬಿಯ ಪಕ್ಕದ ತಗಡು ತೆಗೆದಿಟ್ಟರು. “ಡೋಂಟ್ ಬಿ ಸಿಲ್ಲಿ, ಒಳಗ ಕುಂಕುಮ ಬ್ಯಾಡ್ರಿ,” ಎಂದೆ. ಕುಂಕುಮವನ್ನೇನೋ ಹೊರಗೇ ಹಚ್ಚಿದರು. ಅಕ್ಷತೆ ಮಾತ್ರ ಮದುವೆಮನೆಯಲ್ಲಿ ಎರಚಿದಂತೆ ಎರಚಿದರು. ಆ ದಿನ ಯಂತ್ರಕ್ಕೆ ವಿಶ್ರಾಂತಿ, ಮುಟ್ಟುವಂತಿಲ್ಲ.

ದಸರೆಯ ಬೆಳಿಗ್ಗೆ ಕ್ಯಾಸೆಟ್ ಹಚ್ಚಿದೆವು. ಅರ್ಧ ಪದಕ್ಕೇ ಕಂಪ್ಯೂಟರ್ ಪಟ್ಟನೆ ಆರಿಹೋಯಿತು. ಟೇಪು ಹಿಂದಕ್ಕೆ ಸುತ್ತಿ ಮತ್ತೆ ಹಚ್ಚಿದರೆ ಮತ್ತೆ ಅದೇ. ಸುತ್ತಿದಾಗೊಮ್ಮೆ ಟೇಪು ಕಿರುಗುಟ್ಟುತ್ತಿತ್ತು. ಇನ್ನೆಷ್ಟು ಸಲ ತಾಳೀತು?

“ಎಂಜಿನ್ ಸಣ್ಣದಾತು,” ಎಂದರಷ್ಟೇ. ಜಗಳವಾಡಿದ್ದರೆ ಚೆನ್ನಾಗಿತ್ತು. ನನ್ನ ಜಾಣತನದಿಂದ ಈ ಮನುಷ್ಯ ತನ್ನ ತಾಯಿಯ ದನಿಯನ್ನೂ ಕಳೆದುಕೊಳ್ಳುತ್ತಾನಲ್ಲ!

ಅವರು ಒಳಗೆ ಕೈಯಿಟ್ಟು ಸರಕ್ಕನೆ ಹಿಂದೆಗೆದರು. “ಕೆಂಡ ಆಗೇದ! ಬ್ಯಾಟರಿ ತಾ.”

ಬ್ಯಾಟರಿ ಬೆಳಕಿನಲ್ಲಿ ಮತ್ತೆ ಹಚ್ಚಿ ನೋಡಿದರೆ ಪ್ರೊಸೆಸರಿನ ಮೇಲಿನ ಫ್ಯಾನು ತಿರುಗುತ್ತಲೇ ಇಲ್ಲ. ಅದರ ಎಲೆಗೂ ಅಂಚಿಗೂ ನಡುವೆ ಏನೋ ಹಳದಿ. ಕರೆಂಟು ತೆಗೆಸಿ, ಹುಬ್ಬಿನ ಚಿಮಟದಿಂದ ಎಳೆದೆ. ಅಕ್ಷತೆಯ ಕಾಳು.

ಇವರು ಅದನ್ನು ಅಂಗೈಯಲ್ಲಿಟ್ಟು ನೋಡಿ, ನೆಲದ ಮೇಲೆ ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. “ನಮ್ಮವ್ವನ ಕೆಲಸ ಇದು! ಆಕಿಗೆ ಮಶೀನು ಮೊದಲಿಂದಾನೂ ಸೇರ್ತಿದ್ದಿಲ್ಲ.”

“ಅತ್ತಿಗೆ ಯಾಕ ಹಚ್ಚತೀರಿ? ಒಗದಾವ್ರು ನೀವು.”

ಡಬ್ಬಿ ಬೋರಲು ಹಾಕಿ ಕೊಡವಿ, ಆರಲು ಬಿಟ್ಟು, ಮತ್ತೆ ಹಚ್ಚಿದೆವು. ಒಂದು ಪದ ದಾಟಿತು. ಇನ್ನೊಂದೂ ದಾಟಿತು. ಕೊನೆಯ ಪದ ಮುಗಿದ ಮೇಲೆ ಬೀಸುಕಲ್ಲು ನಿಂತಿತು, ಬಳೆ ಸದ್ದು. ಅತ್ತೆ ಹಾಡುವ ದನಿಯಲ್ಲಲ್ಲ, ಬರಿಯ ದನಿಯಲ್ಲಿ ಅಂದರು: “ಸಾಕು ಬಂದ್ ಮಾಡೋ ಅದನ್ನ. ಬಾ, ಉಣ್ಣಾಕ ಬಾ.”

“ಬಂದ್ನಿ ಬೇ ಯವ್ವಾ,” ಎಂದರು ಇವರು, ಕಂಪ್ಯೂಟರಿನ ಕಡೆ ತಿರುಗಿ.

ನಾನು ಅವರ ಮುಖ ನೋಡಲಿಲ್ಲ. ಮೌಸ್ ಹಿಡಿದು ಸೇವ್ ಒತ್ತಿದೆ.