ಡ್ಯಾಂಡಿನಾಂಗ್ ಶಾಲೆಯ ಮೇಲೆ ಹೊರಿಸಿದ ತಪ್ಪು

೧೯೯೧ರಲ್ಲಿ ನಾನು ಮೆಲ್ಬರ್ನ್‌ನ ಕನ್ಸಲ್ಟಿಂಗ್ ಸಂಸ್ಥೆಯೊಂದರಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್ ಆಗಿದ್ದೆ. ಊರ ಹೊರವಲಯದ ಡ್ಯಾಂಡಿನಾಂಗ್‌ನ ಹಳೆಯ ಶಾಲೆಯೊಂದರ ಚಾವಣಿ ಸೋರಿ, ಕಾಂಕ್ರೀಟ್ ಚಕ್ಕೆಗಳು ಉದುರುತ್ತಿದ್ದವು. ರಿಪೇರಿ ಸಾಧ್ಯವೇ, ಕೆಡವಬೇಕೇ ಎಂದು ವರದಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು.

ಆ ಶಾಲೆಯ ಆರ್ಕಿಟೆಕ್ಟ್ ಎಡ್ವಿನ್ ಎಂಬವರು, ಇಂಗ್ಲೆಂಡಿನವರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿನ ಬಾಂಬ್ ಬಿದ್ದ ಊರುಗಳಲ್ಲಿ ಶಾಲೆ ಕಟ್ಟಿ ಕೈ ಪಳಗಿಸಿಕೊಂಡು, ಐವತ್ತರ ದಶಕದಲ್ಲಿ ಆಸ್ಟ್ರೇಲಿಯಾಕ್ಕೆ ಬಂದಿದ್ದರು. ಇಲ್ಲಿ ಫ್ಯಾಕ್ಟರಿ ಕೆಲಸಗಾರರ ಮಕ್ಕಳಿಗೆಂದು ಒಂಬತ್ತು ಶಾಲೆ ಕಟ್ಟಿದರು. ನಿವೃತ್ತರಾಗಿ ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿದ್ದರು. ಮೂಲ ನಕ್ಷೆ ನೋಡಲು ಅಲ್ಲಿಗೇ ಹೋದೆ. ಹಾಳೆ ಹರಡಿ ಬೆರಳಿಟ್ಟು ತೋರಿಸಿದರು: "ಚಾವಣಿಯ ನೀರು ಇಳಿಯಲು ನಾಲ್ಕು ಪೈಪ್ ಇಟ್ಟಿದ್ದೆ. ಅವು ಈಗಲೂ ಇವೆಯೇ, ಮೊದಲು ಅದನ್ನು ನೋಡಿ."

ವಾಪಸ್ ಬಂದು ನೋಡಿದರೆ ಮೂರು ಮುಚ್ಚಿಹೋಗಿದ್ದವು. ಪಕ್ಕದಲ್ಲಿ ಹೊಸ ಕೋಣೆ ಸೇರಿಸುವಾಗ ಈ ವರದಿ ಕೇಳಿದ್ದ ಶಾಲೆಯ ಮಾಲೀಕರೇ ಅವಕ್ಕೆ ಸಿಮೆಂಟ್ ತುಂಬಿಸಿದ್ದರು. ನೀರು ವರ್ಷಗಟ್ಟಲೆ ನಿಂತು ಚಾವಣಿಯ ಆ ಬದಿಯಲ್ಲಿ ಕಾಂಕ್ರೀಟಿನ ಒಳಗಿನ ಕಬ್ಬಿಣ ತುಕ್ಕು ಹಿಡಿದಿತ್ತು. ಉಳಿದ ಕಡೆ ಇಪ್ಪತ್ನಾಲ್ಕು ರಂಧ್ರ ಕೊರೆದು ಫಿನಾಲ್ಫ್‌ಥಲೀನ್ ಎಂಬ ರಾಸಾಯನಿಕ ಸಿಂಪಡಿಸಿದೆ. ಆರೋಗ್ಯವಾಗಿರುವ ಕಾಂಕ್ರೀಟ್ ಅದಕ್ಕೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಇಪ್ಪತ್ತೊಂದು ಕಡೆ ತಿರುಗಿತು. ರಿಪೇರಿ ಸಾಕು ಎಂದು ಬರೆದೆ.

ನಮ್ಮ ವಿಭಾಗದ ಮುಖ್ಯಸ್ಥ ನಾಗರಾಜ್ ಬೆಂಗಳೂರಿನವರು. ವರದಿಯನ್ನು ಮೇಜಿನ ಮೇಲೆ ವಾಪಸ್ ತಳ್ಳಿದರು.

"ಕ್ಲೈಂಟ್‌ಗೆ ಆ ಜಾಗ ಖಾಲಿ ಆಗ್ಬೇಕು ಮಾಲತಿ. ಡಿಸೈನ್ ಡಿಫೆಕ್ಟ್, ಕೆಡವಬೇಕು ಅಂತ ಬರೆದ್ಬಿಡಿ. ಆ ಮುದುಕ ಏನು ಬಂದು ಕೇಳ್ತಾನಾ?"

"ಪೈಪ್ ಮುಚ್ಚಿದ್ದು ಅವರಲ್ಲ ಸಾರ್, ನಿಮ್ಮ ಕ್ಲೈಂಟು. ನಾನು ಸೈನ್ ಹಾಕಲ್ಲ."

ನಾನು ಹಾಕಲಿಲ್ಲ. ಡಿಸೈನ್ ಡಿಫೆಕ್ಟ್ ಎಂದು ತಿದ್ದಿದ ವರದಿಗೆ ಆಫೀಸಿನ ಇನ್ನೊಬ್ಬರು ಹಾಕಿದರು. ಸ್ಥಳೀಯ ಪತ್ರಿಕೆ ಎಡ್ವಿನ್ ಅವರ ಫೋಟೊ ಹಾಕಿ, ಮಕ್ಕಳ ಜೀವದ ಜೊತೆ ಆಟವಾಡಿದ ಆರ್ಕಿಟೆಕ್ಟ್ ಎಂದು ಬರೆಯಿತು. ಅವರು ಆಫೀಸಿಗೆ ಫೋನ್ ಮಾಡಿದರು.

"ವರದಿಯಲ್ಲಿ ನಿಮ್ಮ ಹೆಸರಿಲ್ಲ. ಆದರೆ ನೀವು ಕಂಡದ್ದು ಎಲ್ಲಿ ಹೋಯಿತು?"

ಅದು ನನ್ನ ಡ್ರಾಯರಿನಲ್ಲಿತ್ತು. ಮೂರು ವಾರದಿಂದ ಅಲ್ಲೇ ಇಟ್ಟುಕೊಂಡು, ಸಹಿ ಹಾಕದ ನನ್ನ ಪ್ರಾಮಾಣಿಕತೆಗೆ ನಾನೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ.

ಮರುದಿನವೇ ಪರೀಕ್ಷೆಯ ಹಾಳೆಗಳನ್ನೆಲ್ಲ ಎಂಜಿನಿಯರುಗಳ ವೃತ್ತಿಸಂಘಕ್ಕೆ ಕಳಿಸಿ ರಾಜೀನಾಮೆ ಕೊಟ್ಟೆ. ವಿಚಾರಣೆ ಎಂಟು ತಿಂಗಳು ಎಳೆಯಿತು. ಕೊನೆಗೆ ಆ ವರದಿ ತಪ್ಪೆಂದು ತೀರ್ಮಾನವಾಯಿತು. ಪತ್ರಿಕೆ ಒಳಪುಟದಲ್ಲಿ ಮೂರು ಸಾಲಿನ ತಿದ್ದುಪಡಿ ಹಾಕಿತು. ಅಷ್ಟರಲ್ಲಿ ಶಾಲೆ ಇರಲಿಲ್ಲ. ನಾಲ್ಕು ದಿನದಲ್ಲಿ ಉರುಳಿಸುತ್ತೇವೆ ಎಂದಿದ್ದ ಗುತ್ತಿಗೆದಾರನಿಗೆ ಆ "ಕಳಪೆ" ಕಾಂಕ್ರೀಟ್ ಒಡೆಯಲು ಹನ್ನೊಂದು ದಿನ ಹಿಡಿಯಿತಂತೆ.

ನಾಗರಾಜ್ ಮೇಲಿನ ಸಿಟ್ಟು ಎಂದೋ ಆರಿದೆ. ನನ್ನ ಮೇಲಿನದು ಆರಿಲ್ಲ. ಸುಳ್ಳಿಗೆ ಸಹಿ ಹಾಕದಿರುವುದು ಎಂಜಿನಿಯರ್ ಒಬ್ಬರ ಅರ್ಧ ಕೆಲಸ ಮಾತ್ರ. ನಿಜಕ್ಕೆ ಅಂದೇ ಸಹಿ ಹಾಕಿ ಸಂಘಕ್ಕೆ ಕಳಿಸಿದ್ದರೆ ಆ ಶಾಲೆ ಉಳಿಯುತ್ತಿತ್ತೇನೋ.