ಗುಂಡು ಕೂತ ಆಳ

ಅರಬ್ ನಾಡಿನಲ್ಲಿ, ಲುಸೈಲ್ ಎಂಬ ಊರು ದಾಟಿ ಮುಂದೆ ಹೋದರೆ ಸಿಗುವ ಒಂದು ಶೂಟಿಂಗ್ ಕ್ಲಬ್ಬಿನ ಸ್ಟೋರಿನಲ್ಲಿ ನಾನು ಏಳು ವರ್ಷ ಕ್ಲರ್ಕ್ ಆಗಿದ್ದೆ. ಅದಕ್ಕೆ ಮೊದಲು ಪೈಪ್ ಕಂಪನಿಯೊಂದರ ಆಫೀಸಿನಲ್ಲಿ ಫೈಲು ನೋಡಿಕೊಂಡಿದ್ದವಳು. ಕೋವಿ ಎಂದರೆ, ಊರಿನಲ್ಲಿ ಎಲೆಕ್ಷನ್ ಬಂದಾಗಲೆಲ್ಲ ಅಪ್ಪ ಗೋಣಿಯಲ್ಲಿ ಸುತ್ತಿ ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿ ಬರುತ್ತಿದ್ದ ವಸ್ತು. ನನಗೆ ತಿಳಿದದ್ದು ಅಷ್ಟೇ.

ಕ್ಲಬ್ಬಿನಲ್ಲಿ ಪರವಾನಗಿ ಪಡೆದ ಒಂದು ಸಣ್ಣ ಕೋಣೆಯಿತ್ತು. ಒಮ್ಮೆ ಹಾರಿಸಿದ ತೋಟಾಗಳ ಹಿತ್ತಾಳೆ ಕೇಸುಗಳನ್ನು ತೊಳೆದು, ತಳದಲ್ಲಿ ಕಿಡಿ ಹೊತ್ತಿಸುವ ಹೊಸ ಪ್ರೈಮರ್ ಕೂರಿಸಿ, ಮದ್ದು ತುಂಬಿ, ಬಾಯಿಗೆ ಹೊಸ ಗುಂಡು ಒತ್ತಿ ಪಿಸ್ತೂಲಿನ ಅಭ್ಯಾಸಕ್ಕೆ ಮತ್ತೆ ಸಿದ್ಧಮಾಡುವ ಕೋಣೆ. ಅದನ್ನು ನಡೆಸುತ್ತಿದ್ದವರು ಗದಗ ಕಡೆಯ ಒಬ್ಬ ಟೆಕ್ನಿಷಿಯನ್. ವಯಸ್ಸು ಐವತ್ತೈದು ದಾಟಿತ್ತು. ನನ್ನನ್ನು ತಂಗಿ ಎನ್ನುತ್ತಿದ್ದರು, ನಾನು ಅಣ್ಣ ಎನ್ನುತ್ತಿದ್ದೆ. ತುಂಬಿದವರೇ ಪರೀಕ್ಷೆ ಮಾಡಬಾರದು ಎಂಬುದು ಅಲ್ಲಿನ ನಿಯಮ. ಹಾಗಾಗಿ ಒಂದು ಸಲಕ್ಕೆ ತುಂಬಿದ ಪ್ರತಿ ಲಾಟಿನಿಂದ ಇಪ್ಪತ್ತು ತೋಟಾ ತೆಗೆದು ಕ್ಯಾಲಿಪರ್‌ನಲ್ಲಿ ಉದ್ದ ಅಳೆದು ಸಹಿ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಕಲಿಸಿದವರೂ ಅವರೇ.

"ಗುಂಡು ಎಷ್ಟು ಒಳಗ ಕುಂತೈತಿ ಅನ್ನೂದು ಭಾಳ ಮುಖ್ಯ ನೋಡು ತಂಗಿ" ಎಂದಿದ್ದರು ಮೊದಲ ವಾರವೇ. "ಒಳಗ ಹೋದಷ್ಟು ಮದ್ದಿಗೆ ಜಾಗ ಕಮ್ಮಿ. ಜಾಗ ಕಮ್ಮಿ ಆತಂದ್ರ ಒತ್ತಡ ಒಮ್ಮೆಲೆ ಏರತೈತಿ. ಪಿಸ್ತೂಲು ಹಿಡದವರ ಕೈಯಾಗ ಒಡೀತೈತಿ."

ಆ ಮಾತು ನಾನು ಮರೆಯಲಿಲ್ಲ.

ಒಂದು ಭಾನುವಾರ, ಅಲ್ಲಿ ವಾರದ ಮೊದಲ ಕೆಲಸದ ದಿನ, ಬೆಳಿಗ್ಗೆ ಹೊಸ ಲಾಟಿನ ಟ್ರೇ ನನ್ನ ಮೇಜಿಗೆ ಬಂತು. ಗುಂಡು ಹಾರಿಸುವ ಒಳಾಂಗಣ ರೇಂಜಿನಲ್ಲಿ ಸೀಸದ ಧೂಳು ಬೇಡವೆಂದು ಆ ತಿಂಗಳಿನಿಂದ ತಾಮ್ರದ ಗುಂಡು ತರಿಸಿದ್ದರು. ತೂಕ ಮೊದಲಿನದ್ದೇ. ಇಪ್ಪತ್ತೂ ಅಳೆದೆ. ಉದ್ದ ಎಲ್ಲವೂ ಸರಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಪೆನ್ನು ತೆಗೆದವಳು ನಿಂತೆ. ತುಂಬಿದ ತೋಟಾದ ಹಿತ್ತಾಳೆಯ ಮೇಲೆ, ಒಳಗೆ ಗುಂಡಿನ ತಳ ಮುಗಿಯುವ ಕಡೆ, ತೆಳುವಾಗಿ ಒಂದು ಉಬ್ಬು ಇರುತ್ತದೆ. ಸಾವಿರಾರು ಸಲ ಹಿಡಿದ ಬೆರಳಿಗೆ ಅದು ಎಲ್ಲಿ ಸಿಗಬೇಕೆಂದು ಗೊತ್ತು. ಅವತ್ತು ಅದು ಇನ್ನೂ ಕೆಳಗೆ ಸಿಕ್ಕಿತು. ಇನ್ನೊಂದು ತೆಗೆದೆ. ಅದರಲ್ಲೂ ಕೆಳಗೆ.

ಹಳೆಯ ಲಾಟಿನದೊಂದನ್ನು ಪಕ್ಕದಲ್ಲಿಟ್ಟು ಅಣ್ಣನ ಬಳಿ ಹೋದೆ.

"ಉದ್ದ ಎಷ್ಟು ಬಂತು?" ಅಂದರು ತಲೆಯೆತ್ತದೆ.

"ಉದ್ದ ಸರಿಯುಂಟು. ಆದ್ರೆ ಗುಂಡು ಒಳಗೆ ಜಾಸ್ತಿ ಹೋದ ಹಾಗೆ ಕಾಣ್ತದೆ."

"ಉದ್ದ ಸರಿ ಇತ್ತಂದ್ರ ಒಳಗ ಹೆಂಗ ಹೊಕ್ಕೈತಿ? ಇಪ್ಪತ್ತು ವರ್ಷ ಆತು ನಾ ಇದ ಮಾಡಾಕ್ಹತ್ತಿ. ಸಹಿ ಹಾಕು ಹೋಗು."

ಅವರ ದನಿ ಅಷ್ಟು ಗಡುಸಾಗಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ಮರಳಿ ಬಂದು ಕೂತೆ, ಆದರೆ ಪೆನ್ನು ಮುಟ್ಟಲಿಲ್ಲ. ಗುಂಡು ಕೀಳುವ ಸುತ್ತಿಗೆಯಂಥ ಸಾಧನವೊಂದಿದೆ. ತೋಟಾವನ್ನು ಅದರೊಳಗೆ ಸಿಕ್ಕಿಸಿ ಗಟ್ಟಿ ಮರಕ್ಕೆ ಕುಟ್ಟಿದರೆ ಗುಂಡು, ಮದ್ದು ಎರಡೂ ಬೇರೆಯಾಗಿ ಬೀಳುತ್ತವೆ. ಹೊಸದೊಂದು, ಹಳೆಯದೊಂದು ಕುಟ್ಟಿ ತೆಗೆದೆ. ಬರೀ ಗುಂಡುಗಳನ್ನು ಮೇಜಿನ ಮೇಲೆ ನಿಲ್ಲಿಸಿದಾಗ ಕ್ಯಾಲಿಪರ್ ಕೂಡ ಬೇಕಾಗಲಿಲ್ಲ. ತಾಮ್ರದ್ದು ಹಳೆಯದಕ್ಕಿಂತ ಸುಮಾರು ಎರಡು ಮಿಲಿಮೀಟರ್ ಹೆಚ್ಚು ಎತ್ತರವಿತ್ತು. ತಾಮ್ರ ಸೀಸಕ್ಕಿಂತ ಹಗುರ. ಅದೇ ತೂಕ ಬರಬೇಕಾದರೆ ಗುಂಡು ಉದ್ದವಾಗಲೇಬೇಕು. ಹೊರಗಿನ ಒಟ್ಟು ಉದ್ದವನ್ನು ಮೊದಲಿನಷ್ಟೇ ಇಟ್ಟದ್ದರಿಂದ ಹೆಚ್ಚಿನ ಎರಡು ಮಿಲಿಮೀಟರ್ ಪೂರಾ ಒಳಗೆ, ಮದ್ದಿನ ಜಾಗಕ್ಕೆ ಇಳಿದಿತ್ತು. ಮದ್ದು ಮಾತ್ರ ಹಳೆಯ ಅಳತೆಯದ್ದೇ.

ಎರಡನ್ನೂ ಅಂಗೈಯಲ್ಲಿಟ್ಟು ಮತ್ತೆ ಹೋದೆ. ಅಣ್ಣ ಕನ್ನಡಕ ಹಣೆಗೇರಿಸಿ, ಗುಂಡುಗಳನ್ನು ಕಣ್ಣಿನ ಹತ್ತಿರ ತಂದು ನೋಡಿದರು. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ನಿಲ್ಲಿಸಿದರು.

"ಒಂದು ಡಬ್ಬಿ ಹೊರಗ ಹೋಗೇತಿ" ಅಂದರು ಕೊನೆಗೆ.

"ನನ್ನ ಸಹಿ ಇಲ್ಲದೆ?"

"ಮ್ಯಾನೇಜರ್ ಬಂದು ಒಯ್ದ. ಹುಡುಗ್ಯಾರ ಟೀಮಿನ ಪ್ರಾಕ್ಟೀಸ್ ಐತಿ, ಸಹಿ ಆಮ್ಯಾಲೆ ಹಾಕಸ್ತೀನಿ ಅಂದ."

ಹಾರಿಸುವ ಹೊತ್ತಿನಲ್ಲಿ ರೇಂಜಿನಲ್ಲಿ ಯಾರೂ ಫೋನು ಎತ್ತುವುದಿಲ್ಲ. ಸ್ಟೋರಿನಿಂದ ಪಿಸ್ತೂಲ್ ರೇಂಜಿಗೆ ನಡೆದರೆ ಹತ್ತು ನಿಮಿಷ. ನಾನು ನಡೆಯಲಿಲ್ಲ, ಓಡಿದೆ. ಆಗಸ್ಟಿನ ಬಿಸಿಲು, ಕಾಲಲ್ಲಿ ಆಫೀಸಿನ ಚಪ್ಪಲಿ. ಹಾರಿಸುತ್ತಿದ್ದಾರೆಂದು ಬಾಗಿಲ ಮೇಲೆ ಕೆಂಪು ದೀಪ ಉರಿಯುವಾಗ ಒಳಗೆ ಹೋಗುವ ಹಾಗಿಲ್ಲ, ಹಾಗಾಗಿ ಗಾಜಿಗೆ ಅಂಗೈಯಿಂದ ಬಡಿದೆ. ಕೋಚ್ ಒಬ್ಬ ಅರಬ್ ಹೆಂಗಸು, ಶಿಸ್ತಿನವಳು. ನನ್ನ ಮುಖ ಕಂಡವಳೇ ಕೈಯೆತ್ತಿ ಎಲ್ಲರ ಪಿಸ್ತೂಲು ಕೆಳಗಿಡಿಸಿ ಹೊರಗೆ ಬಂದಳು.

"ಈ ಡಬ್ಬಿಯದ್ದು ಎಷ್ಟು ಹಾರಿಸಿದಿರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

"ಐದು. ಪಿಸ್ತೂಲಿನ ಒದೆತ ಜೋರಾಗಿದೆ ಅಂತ ಹುಡುಗಿ ಹೇಳಿದಳು. ಯಾಕೆ?"

ನೆಲದಿಂದ ಆ ಐದು ಖಾಲಿ ಕೇಸು ಹೆಕ್ಕಿದೆವು. ಪ್ರೈಮರಿನ ಅಂಚು ಸಾಮಾನ್ಯವಾಗಿ ದುಂಡಗಿರುತ್ತದೆ. ಇವುಗಳಲ್ಲಿ ಅದು ಇಸ್ತ್ರಿ ಹಾಕಿದಂತೆ ಚಪ್ಪಟೆಯಾಗಿ ಹರಡಿತ್ತು. ಒತ್ತಡ ಮಿತಿ ಮೀರಿದ್ದಕ್ಕೆ ಅದೇ ಗುರುತು. ಹಾರಿಸಿದ ಹುಡುಗಿಗೆ ಹತ್ತೊಂಬತ್ತು ವರ್ಷ ಇರಬಹುದು. ತನ್ನ ಬಲಗೈಯನ್ನೇ ಒಮ್ಮೆ ನೋಡಿಕೊಂಡಳು. ಕೋಚ್ ಡಬ್ಬಿ ಮುಚ್ಚಿ ನನ್ನ ಕೈಗಿತ್ತು, "ಖಲಾಸ್" ಅಂದಳು, ಅಷ್ಟೇ.

ಮಧ್ಯಾಹ್ನ ಮ್ಯಾನೇಜರ್ ನನ್ನ ಮೇಜಿನ ಮುಂದೆ ಬಂದು ನಿಂತರು. ಹಿಂದಿ-ಇಂಗ್ಲಿಷ್ ಬೆರೆಸಿ ಮಾತಾಡುವವರು. ಐದು ಹಾರಿವೆ, ಏನೂ ಆಗಿಲ್ಲ. ಸ್ಪರ್ಧೆ ಹತ್ತಿರದಲ್ಲಿದೆ, ಬೇರೆ ತೋಟಾ ಇಲ್ಲ. ನಿಮ್ಮ ಹಾಳೆಯಲ್ಲಿ ಉದ್ದದ ಕಾಲಂ ಮಾತ್ರ ಇರುವುದು, ಅದು ಸರಿಯಿದೆ, ಸಹಿ ಹಾಕಿ ಎಂದರು.

"ಹಾಕುವುದಿಲ್ಲ ಸರ್."

"ನೀವು ಎಂಜಿನಿಯರಾ?"

"ಅಲ್ಲ. ಅಳತೆ ನೋಡುವವಳು. ನೋಡಿದ್ದೇನೆ, ಹಾಕುವುದಿಲ್ಲ."

ನನ್ನ ವೀಸಾ ಈ ಕೆಲಸದ ಮೇಲಿತ್ತು, ಮಗಳ ಶಾಲೆಯೂ. ಆಗ ಅಣ್ಣ ಕೋಣೆಯಿಂದ ಹೊರಗೆ ಬಂದು ನನ್ನ ಪಕ್ಕ ನಿಂತರು. ಹಿಂದಿಯಲ್ಲಿ ನಿಧಾನವಾಗಿ ಹೇಳಿದರು: ತಪ್ಪು ನನ್ನದು. ಹೊಸ ಗುಂಡು ಬಂದಾಗ ಅದರ ಉದ್ದ ನೋಡಬೇಕಿತ್ತು, ನೋಡಲಿಲ್ಲ. ಹಳೇ ಸೆಟ್ಟಿಂಗಿನಲ್ಲೇ ಒತ್ತಿದೆ. ಈ ಲಾಟಿನ ಒಂದು ತೋಟಾವೂ ಇಲ್ಲಿಂದ ಹೊರಗೆ ಹೋಗುವುದಿಲ್ಲ.

ವಿಷಯ ಕ್ಲಬ್ಬಿನ ಸೇಫ್ಟಿ ಆಫೀಸರ್‌ವರೆಗೆ ಹೋಯಿತು. ಅವರು ಚಪ್ಪಟೆಯಾದ ಪ್ರೈಮರುಗಳನ್ನು ದೀಪದ ಕೆಳಗೆ ಹಿಡಿದು ನೋಡಿ, ಲಾಟನ್ನು ಬೀಗದೊಳಗೆ ಇಡಿಸಿದರು. ಅಷ್ಟೂ ತೋಟಾಗಳನ್ನು ಬಿಚ್ಚಬೇಕಾಯಿತು. ನಾನೂ ಅಣ್ಣನೂ ಎದುರುಬದುರು ಕೂತು ಆರು ದಿನ ಕುಟ್ಟಿದೆವು. ಮೂರನೆಯ ದಿನಕ್ಕೆ ನನ್ನ ಮಣಿಕಟ್ಟು ಊದಿತು, ಬಟ್ಟೆ ಸುತ್ತಿಕೊಂಡೆ. ಅಣ್ಣ ಬೇಡವೆಂದರೂ ನಾನು ಕುಟ್ಟುವುದು ಬಿಡಲಿಲ್ಲ.

"ಅವತ್ತ ನಿನ್ನ ಮ್ಯಾಲೆ ಸಿಟ್ಟು ಬಂದಿತ್ತು ತಂಗಿ" ಅಂದರು ಐದನೆಯ ದಿನ, ಸುತ್ತಿಗೆ ನಿಲ್ಲಿಸದೆ. "ನಾ ಕಲಿಸಿದಾಕಿನ ನನಗ ತೋರಸಾಕ ಬಂದಾಳಲ್ಲ ಅಂತ."

"ಗೊತ್ತಾಗಿತ್ತು ಅಣ್ಣ. ನನಗೂ ಬೇಜಾರಾಗಿತ್ತು."

"ಬೇಜಾರಾದ್ರೂ ಸಹಿ ಹಾಕಲಿಲ್ಲಲ್ಲ." ಮತ್ತೆ ಒಂದೆರಡು ಕುಟ್ಟಿದರು. "ಆ ಹುಡುಗಿ ವಯಸ್ಸಿನ ಮಗಳು ನನಗೂ ಅದಾಳ."

ಮುಂದಿನ ವಾರ ಮ್ಯಾನೇಜರ್ ನನಗೊಂದು ಮೆಮೋ ಕೊಟ್ಟರು. ಅಭ್ಯಾಸಕ್ಕೆ ಅಡ್ಡಿ, ಮೇಲಿನವರ ಮಾತು ಮೀರಿದ್ದು ಎಂದೆಲ್ಲ ಅದರಲ್ಲಿತ್ತು. ಮನೆಗೆ, ಅಲ್ ಥುಮಾಮಾಕ್ಕೆ, ಒಯ್ದು ಗಂಡನಿಗೆ ತೋರಿಸಿದೆ. ಅವರು ಎರಡು ಸಲ ಓದಿ, "ಕ್ಷಮೆ ಕೇಳಿ ಬರೆದ್ರೆ ಮುಗೀತದೆ. ಬರೀತೀಯಾ?" ಎಂದರು.

"ಇಲ್ಲ."

"ಹಾಗಾದ್ರೆ ಇಂಗ್ಲಿಷ್ ಸರಿ ಮಾಡಿ ಕೊಡ್ತೇನೆ, ನೀನು ಬರಿ."

ಒಂದೇ ಪುಟ ಬರೆದೆ. ಉತ್ತರದ ಕೆಳಗೆ ರಟ್ಟೊಂದನ್ನು ಲಗತ್ತಿಸಿ, ಅದರ ಮೇಲೆ ಹಳೆಯ ಗುಂಡು, ಹೊಸ ಗುಂಡು ಎರಡನ್ನೂ ಟೇಪಿನಲ್ಲಿ ಅಂಟಿಸಿದೆ. ಪ್ರತಿಯನ್ನು ಸೇಫ್ಟಿ ಆಫೀಸರಿಗೂ ಕಳಿಸಿದೆ. ಮೆಮೋ ಹಿಂತೆಗೆದುಕೊಂಡಿದ್ದೇವೆ ಎಂದು ಯಾರೂ ಬರೆದು ಕೊಡಲಿಲ್ಲ. ಆದರೆ ಮತ್ತೆ ಅದರ ಮಾತೂ ಬರಲಿಲ್ಲ. ಮೂರು ವಾರದ ನಂತರ ಹೊಸ ನಮೂನೆಯ ಹಾಳೆ ಬಂತು. ಅದರಲ್ಲಿ ಗುಂಡಿನ ಉದ್ದಕ್ಕೂ ಅದು ಕೂತ ಆಳಕ್ಕೂ ಬೇರೆ ಬೇರೆ ಕಾಲಂ ಇತ್ತು. ತಾಮ್ರದ ಗುಂಡಿಗೆ ತಯಾರಕರೇ ಕೊಟ್ಟ ಅಳತೆಯ ಪಟ್ಟಿಯನ್ನು ತರಿಸಿ ಕೋಣೆಯ ಗೋಡೆಗೆ ಹಾಕಿದರು. ಅಣ್ಣ ಕಣ್ಣು ಪರೀಕ್ಷೆ ಮಾಡಿಸಿಕೊಂಡು ಹೊಸ ಕನ್ನಡಕ ತಂದರು.

ಸ್ಪರ್ಧೆಗೆ ಹುಡುಗಿಯರು ಅವಸರದಲ್ಲಿ ಕೊಂಡು ತರಿಸಿದ ಫ್ಯಾಕ್ಟರಿಯ ತೋಟಾಗಳೊಂದಿಗೇ ಹೋದರು. ಪದಕವೇನೂ ಬರಲಿಲ್ಲ. ವಾಪಸು ಬಂದ ದಿನ, ಅವತ್ತು ಆ ಐದನ್ನು ಹಾರಿಸಿದ್ದ ಹುಡುಗಿ ಸ್ಟೋರಿನ ಕಿಟಕಿಗೆ ಬಂದು, ತೋಟಾ ಹೇಗೆ ಅಳೆಯುವುದೆಂದು ತೋರಿಸಿ ಎಂದು ಕೇಳಿದಳು. ಖಾಲಿ ಕೇಸಿನಲ್ಲಿ ಗುಂಡು ಮಾತ್ರ ಕೂರಿಸಿದ್ದ ಮಾದರಿಯೊಂದನ್ನೂ ಕ್ಯಾಲಿಪರನ್ನೂ ಅವಳ ಕೈಗೆ ಕೊಟ್ಟೆ. ಮೊದಲ ಸಲ ಓರೆಯಾಗಿ ಹಿಡಿದಳು. ನೆಟ್ಟಗೆ ಹಿಡಿಯಲು ಹೇಳಿದೆ.